ಅವ್ವನ ಗುಳಿಗೆ, ಮಲ್ಲಣ್ಣನ ಕುರಿ

ಊಟಕ್ಕೆ ಕೂತವರ ಗಂಟಲು ನೋಡುವುದು ನನ್ನ ಹಳೆಯ ಚಾಳಿ. ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಅಂಚಿನಲ್ಲಿ ನನ್ನದೊಂದು ಖಾನಾವಳಿ ಇದೆ. ಫ್ಯಾಕ್ಟರಿಯ ಪಾಳಿ ಮುಗಿಸಿ ಬರುವ ಹುಡುಗರು ತುತ್ತು ಬಾಯಿಗಿಟ್ಟರೆ ಅದು ಗಂಟಲಿಳಿಯುವ ತನಕ ನನ್ನ ಕಣ್ಣು ಅಲ್ಲಿಂದ ಕದಲುವುದಿಲ್ಲ. ಇದು ಅವರಿಗೂ ಗೊತ್ತಾಗಿ ಹೋಗಿದೆ.

"ಅಕ್ಕಾ, ನಮ್ಮ ಗಂಟಲಾಗ ಏನ್ ಕಳಕೊಂಡೀರಿ?" ಎಂದು ಚೇಷ್ಟೆ ಮಾಡುತ್ತಾರೆ.

ನಾನು ಇನ್ನೊಂದು ರೊಟ್ಟಿ ಹಾಕಿ ಸುಮ್ಮನಾಗುತ್ತೇನೆ. ಮೊನ್ನೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಒಬ್ಬ ಹುಡುಗ ಉಣ್ಣುತ್ತ ಮೊಬೈಲಿನಲ್ಲಿ ಯಾರದೋ ಭಾಷಣ ಹಚ್ಚಿದ್ದ. ಕೋಟು ತೊಟ್ಟ ಮನುಷ್ಯನೊಬ್ಬ, ದಿನಾ ಒಂದು ಸಣ್ಣ ಕೆಲಸವನ್ನು ತಪ್ಪದೆ ಮಾಡಿ, ದೊಡ್ಡದು ತಾನಾಗಿಯೇ ಕೈಗೆ ಬರುತ್ತದೆ, ಎಷ್ಟು ಸುಲಭ ನೋಡಿ ಎಂದು ನಗುನಗುತ್ತಾ ಹೇಳುತ್ತಿದ್ದ. ಆ ಸುಲಭ ಎನ್ನುವ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಅದನ್ನು ಆರಿಸು, ಇಲ್ಲವಾದರೆ ಹೊರಗೆ ಹೋಗಿ ಉಣ್ಣು ಎಂದುಬಿಟ್ಟೆ. ಪಾಪ, ಆ ಹುಡುಗನ ತಪ್ಪೇನೂ ಇರಲಿಲ್ಲ. ನಮ್ಮೂರ ಸಾಲೆಯ ಗೋಡೆಯ ಮೇಲೂ ಹನಿ ಹನಿ ಕೂಡಿದರೆ ಹಳ್ಳ ಎಂದು ಬರೆದಿದ್ದರು, ನಾನೂ ಅದನ್ನು ಕೂಗಿ ಕೂಗಿ ಓದಿದವಳೇ. ಒಂದು ಹನಿಯನ್ನು ದಿನಾ ಗಂಟಲಿಗೆ ಇಳಿಸುವುದಕ್ಕೆ ಒಂದು ಮನೆ ಎಷ್ಟು ಒದ್ದಾಡಬೇಕಾಗುತ್ತದೆ ಎಂಬುದನ್ನು ಮಾತ್ರ ಆ ಗೋಡೆ ಹೇಳಿರಲಿಲ್ಲ. ಅದನ್ನು ನಾನು ಮನೆಯಲ್ಲಿ ಕಲಿತೆ.

ನಮ್ಮ ಮನೆ ಇದ್ದದ್ದು ಔರಾದ ತಾಲೂಕಿನ ಚಿಂತಾಕಿಯಲ್ಲಿ, ಊರ ಹೊರಬದಿಗೆ. ಕುರಿ ಸಾಕುವವರು ಊರ ನಡುವೆ ಇದ್ದರೆ ಮಂದಿ ಮೂಗು ಮುಚ್ಚಿಕೊಳ್ಳುತ್ತಾರೆ. ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಪಡಸಾಲೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ಎಳೆ ಮರಿಗಳನ್ನು ಕೂಡುವ ಸಣ್ಣ ಕೋಣೆ, ಹಿಂದೆ ಮುಳ್ಳುಬೇಲಿಯ ದೊಡ್ಡಿ. ಅಪ್ಪ ವರ್ಷದ ಹೆಚ್ಚು ಕಾಲ ಹಿಂಡಿನ ಜೊತೆ ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಮೇವು ಹುಡುಕುತ್ತ ಅಲೆಯುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ಅಪ್ಪನ ತಾಯಿ, ನನ್ನ ಅವ್ವ, ನಾನು, ಮತ್ತು ದೂರ ನಡೆಯಲಾರದ ನಾಲ್ಕಾರು ಕುರಿಗಳು. ಅಪ್ಪನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಆಯಿಯ ಮಾತು ಕಡ್ಡಿ ಮುರಿದ ಹಾಗೆ. ಸೊಸೆಯ ಹೆಸರು ಆಕೆಯ ಬಾಯಲ್ಲಿ ಒಮ್ಮೆಯೂ ಬಂದದ್ದನ್ನು ನಾನು ಕೇಳಿಲ್ಲ. ಅವ್ವನ ತವರು ಭಾಲ್ಕಿ, ಹಾಗಾಗಿ ಆಯಿಗೆ ಅವಳು ಕೊನೆಯವರೆಗೂ 'ಭಾಲ್ಕಿಯಾಕಿ'.

ನನಗೆ ಹತ್ತು ವರ್ಷವಿರಬೇಕು, ಅವ್ವನಿಗೆ ಕೆಮ್ಮು ಹತ್ತಿತು. ಮಳೆಗಾಲದ ಕೆಮ್ಮು ಎಂದುಕೊಂಡೆವು. ಮಳೆ ಹೋಯಿತು, ಜೋಳ ಬಿತ್ತಿದ್ದಾಯಿತು, ತೆನೆ ಮುರಿದದ್ದಾಯಿತು, ಕೆಮ್ಮು ಹೋಗಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಸೆರಗಿಗೆ ಬಾಯಿ ಒತ್ತಿಕೊಂಡಳು, ಸೆರಗು ಕೆಂಪಾಯಿತು. ಆಯಿ ಆ ಹಿಟ್ಟನ್ನು ಎತ್ತಿ ದೊಡ್ಡಿಯ ಆಚೆ ಎಸೆದು ಬಂದಳು. ಔರಾದ ದವಾಖಾನೆಯಲ್ಲಿ ಕಫ ನೋಡಿ ಟಿ.ಬಿ. ಎಂದರು. ಅಂದಿನಿಂದ ಅವ್ವನ ಗಂಗಾಳ ಬೇರೆ, ಲೋಟ ಬೇರೆ, ಕಂಬಳಿ ಬೇರೆ. ಅವಳ ಹಾಸಿಗೆ ಪಡಸಾಲೆಯಿಂದ ಮರಿಗಳ ಕೋಣೆಗೆ ಹೋಯಿತು. ಕೋಣೆಯ ಹೊಸ್ತಿಲಿನಲ್ಲಿ ಆಯಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಇಟ್ಟು ಕೋಲಿನಿಂದ ಗಂಗಾಳವನ್ನು ಒಳಕ್ಕೆ ತಳ್ಳುತ್ತಿದ್ದಳು. ಅದು ನೆಲಕ್ಕೆ ಉಜ್ಜಿಕೊಂಡು ಹೋಗುವ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು.

ದವಾಖಾನೆಯ ಸಿಸ್ಟರ್ ಗುಳಿಗೆಯ ಪೊಟ್ಟಣವನ್ನು ಅವ್ವನ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟಿದ್ದರು. ಆಯಿಗೆ ಕೊಟ್ಟರೆ ಆಕೆ ಕೋಣೆಯೊಳಗೆ ಕಾಲಿಡುವುದಿಲ್ಲ ಎಂದು ಅವರಿಗೆ ತಿಳಿದಿತ್ತೋ ಏನೋ.

"ನೋಡ್ ತಂಗಿ, ಆರು ತಿಂಗಳು. ಒಂದಿನಾನೂ ತಪ್ಪಬಾರದು. ಖಾಲಿ ಹೊಟ್ಟ್ಯಾಗ ನಿನ್ನ ಕಣ್ಣ ಮುಂದೇ ನುಂಗಬೇಕು. ಈ ಕೆಂಪು ಗುಳಿಗಿ ಅದ ನೋಡು, ಇದೇ ಬಲವಾದದ್ದು. ಇದು ನುಂಗಿದ್ರ ಉಚ್ಚಿ ಕೆಂಪಗಾಗ್ತದ, ಅಂಜಬ್ಯಾಡ. ಕೆಂಪಾದ್ರ ಗುಳಿಗಿ ಕೆಲಸ ಮಾಡ್ಲಕತ್ತದ ಅಂತ ತಿಳಕೋ."

ಈ ಮಾತನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡೆ.

ಅದೇ ವಾರ ಭಾಲ್ಕಿಯಿಂದ ನನ್ನ ಸೋದರಮಾವ ಬಂದ. ಪಡಸಾಲೆಯಲ್ಲಿ ಕೂತರೂ ಬಾಗಿಲ ಕಡೆಗೇ ಕೂತ. ಆಯಿ ಚಹಾ ಕೊಟ್ಟಳು, ಅವನು ಮುಟ್ಟಲಿಲ್ಲ.

"ನಿಮ್ಮ ತಂಗಿನ ಕರ್ಕೊಂಡು ಹೋಗ್ರಿ. ನೆಟ್ಟಗಾದ್ರ ಕಳಸ್ರಿ, ಇಲ್ಲಂದ್ರ ನಿಮ್ಮಲ್ಲೇ ಇರ್ಲಿ," ಎಂದಳು ಆಯಿ.

"ನಮ್ಮ ಮನ್ಯಾಗ ಸಣ್ಣ ಕೂಸುಗಳವರಿ ಅಮ್ಮಾರ. ಹ್ಯಾಂಗ ಕರ್ಕೊಂಡು ಹೋಗ್ಲಿ?"

"ನಮ್ಮ ಮನ್ಯಾಗ ಇರೂದೇನು, ಕುರಿಮರಿ ಏನು? ಇದೂ ಕೂಸೇ ಅದ," ಎಂದು ಆಯಿ ನನ್ನತ್ತ ಕೈ ತೋರಿಸಿದಳು.

ಹೀಗೆ ಇಬ್ಬರೂ ಅವ್ವನನ್ನು ಬೇಡದ ಸಾಮಾನಿನಂತೆ ಅತ್ತಿಂದಿತ್ತ ತಳ್ಳುತ್ತಿದ್ದಾಗ ಅವ್ವ ಗೋಡೆಯ ಆಚೆಗೇ ಇದ್ದಳು. ಅವಳ ಕೆಮ್ಮು ನಿಂತಿತ್ತು. ಕೆಮ್ಮನ್ನು ತಡೆದುಕೊಂಡು ಕೇಳುತ್ತಿದ್ದಳೆಂದು ನನಗೆ ತಿಳಿಯಿತು. ಮಾವ ಹೊರಟು ಹೋದ ಮೇಲೆ ನಾನು ಒಳಗೆ ಹೋದರೆ, ಅವಳು ಚುಕ್ಕಿಯನ್ನು ತಬ್ಬಿಕೊಂಡು ಕೂತಿದ್ದಳು. ಚುಕ್ಕಿ ಕರಿಯ ಕುರಿ. ಹಣೆಯ ಮೇಲೆ ಬಿಳಿ ಮಚ್ಚೆ, ಎಡಗಿವಿ ಬೇಲಿಯ ಮುಳ್ಳಿಗೆ ಸಿಕ್ಕಿ ಹರಿದದ್ದು. ತಾಯಿ ಸತ್ತ ಮರಿಯಾಗಿದ್ದಾಗ ಅವ್ವನೇ ಬಟ್ಟೆ ಅದ್ದಿ ಹಾಲು ಕುಡಿಸಿ ಬೆಳೆಸಿದ್ದಳು. ಅವ್ವ ನನ್ನಿಂದ ಭಂಡಾರದ ಬಟ್ಟಲು ತರಿಸಿ, ಅರಿಶಿನವನ್ನು ಚುಕ್ಕಿಯ ಹಣೆಗೆ ಹಚ್ಚಿ, ಭಾಲ್ಕಿ ಕಡೆ ಇರುವ ನಮ್ಮ ಮನೆದೇವರು ಮಲ್ಲಣ್ಣನಿಗೆ ಹರಕೆ ಹೊತ್ತಳು.

"ನನ್ನ ಮೈ ನೆಟ್ಟಗಾದ್ರ ಇದನ್ನ ನಿನ್ನ ಗುಡಿತನಕ ನಡಕೊಂತ ತಂದು ಬಿಡ್ತೇನಿ, ನಮ್ಮಪ್ಪಾ. ಅಲ್ಲಿತನಕ ನಾ ನಿನ್ನಾಕಿ, ಇದೂ ನಿಂದು."

ಹರಕೆಯ ಕುರಿಯನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಇನ್ನೊಂದು ನಂಬಿಕೆಯೂ ನಮ್ಮಲ್ಲಿತ್ತು. ಹರಕೆ ಮುಟ್ಟುವ ಮೊದಲೇ ಆ ಕುರಿ ಸತ್ತರೆ, ದೇವರು ಹರಕೆಯನ್ನು ಒಲ್ಲೆ ಎಂದ ಹಾಗೆ. ಹೊತ್ತವರು ತಮ್ಮ ಆಸೆಯನ್ನು ಅಲ್ಲಿಗೇ ಬಿಡಬೇಕು. ಅವ್ವ ತನ್ನ ಜೀವವನ್ನು ಚುಕ್ಕಿಯ ಕೊರಳಿಗೆ ಕಟ್ಟಿದಳು ಎಂದು ಆಗ ನಮಗಾರಿಗೂ ಹೊಳೆಯಲಿಲ್ಲ.

ಮರುದಿನದಿಂದ ನಮ್ಮ ಬೆಳಗು ಗುಳಿಗೆಯಿಂದ ಶುರುವಾಯಿತು. ಒಲೆ ಹೊತ್ತಿಸುವ ಮೊದಲು ನಾನು ಲೋಟ ಹಿಡಿದು ಅವ್ವನ ಮುಂದೆ ಕೂರಬೇಕು. ಅವಳು ಭಂಡಾರ ಹಚ್ಚಿಕೊಂಡು, ಗುಳಿಗೆಗಳನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಗಂಟಲನ್ನು ನನಗೆ ತೋರಿಸುವಂತೆ ಕತ್ತೆತ್ತುತ್ತಿದ್ದಳು. ಗಂಟಲು ಮೇಲೆ ಕೆಳಗೆ ಆಡಿದರೆ ಅಂದಿನ ಕೆಲಸ ಮುಗಿಯಿತು. ನೋಡುವುದಕ್ಕೆ ಇಷ್ಟೇ. ಆದರೆ ನುಂಗಿದ ಮೇಲೆ ಹೊಟ್ಟೆ ತೊಳಸಿ ವಾಂತಿ ಬರುತ್ತಿತ್ತು, ಅದನ್ನು ತಡೆಯಲು ಅವ್ವ ಗೋಡೆಗೆ ತಲೆ ಒತ್ತಿ ನಿಲ್ಲುತ್ತಿದ್ದಳು. ಗುಳಿಗೆ ಹೊರಗೆ ಬಂದರೆ ಅಂದಿನದು ವ್ಯರ್ಥ. ನಾನು ಅವಳ ಬೆನ್ನು ಸವರುತ್ತ, ಬರಬಾರದು, ಬರಬಾರದು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಆಮೇಲೆ ಹಿತ್ತಿಲಿಗೆ ಹೋಗಿ ಬಂದು ಅವಳು ತಲೆ ಆಡಿಸುತ್ತಿದ್ದಳು. ಕೆಂಪಾಗಿದೆ ಎಂದು ಅರ್ಥ. ಒಂದೆರಡು ತಿಂಗಳಿಗೆ ಅವಳ ಕೆನ್ನೆ ತುಂಬಿತು. ಬಾವಿಯ ತನಕ ಹೋಗಿ ಬರುವಷ್ಟಾದಳು. ಒಂದು ದಿನ ಹೊಸ್ತಿಲಲ್ಲಿ ಕೂತು ನನ್ನ ಹೇನು ನೋಡಿದಳು. ಆಯಿ ನೋಡಿಯೂ ಬೈಯಲಿಲ್ಲ.

ಆಮೇಲೆ ಚುಕ್ಕಿ ಕೆಮ್ಮಲು ಶುರು ಮಾಡಿತು. ಕುರಿ ಕೆಮ್ಮುವುದು ಹೊಸತೇನಲ್ಲ, ಚಳಿಗೆ ಹತ್ತುತ್ತದೆ, ಬಿಡುತ್ತದೆ. ಚುಕ್ಕಿಯದು ಬಿಡಲಿಲ್ಲ. ಮೂಗು ಸೋರಿತು, ಮೇವು ಬಿಟ್ಟಿತು, ಪಕ್ಕೆ ಒಳಗೆ ಹೋಯಿತು. ಆಯಿ ಓಂಕಾಳು ಅರೆದು ಕುಡಿಸಿದಳು. ಅವ್ವ ಮಾತು ಕಡಿಮೆ ಮಾಡಿದಳು. ಬೆಳಿಗ್ಗೆ ಗುಳಿಗೆ ನುಂಗುವುದು ಮಾತ್ರ ನಡೆದೇ ಇತ್ತು. ಕತ್ತೆತ್ತಿ ತೋರಿಸುತ್ತಿದ್ದಳು, ಗಂಟಲು ಆಡುತ್ತಿತ್ತು. ಆದರೂ ಬರಬರುತ್ತ ಅವ್ವ ಮತ್ತೆ ಇಳಿದು ಹೋದಳು. ಸಂಜೆಯ ಜ್ವರ ತಿರುಗಿ ಬಂತು, ಬಾವಿಯ ದಾರಿ ನಿಂತಿತು, ಕೆಮ್ಮು ಮೊದಲಿಗಿಂತ ಜೋರಾಯಿತು. ನನಗೆ ದಿಕ್ಕು ತೋಚಲಿಲ್ಲ. ಒಂದು ದಿನವೂ ತಪ್ಪಿಸಿಲ್ಲ, ನನ್ನ ಕಣ್ಣ ಮುಂದೆಯೇ ನುಂಗಿದ್ದಾಳೆ, ಹಾಗಾದರೆ ಸಿಸ್ಟರ್ ಹೇಳಿದ್ದೇ ಸುಳ್ಳೇ? ಸಾಲೆಯಲ್ಲಿ ಕೂತರೂ ನನ್ನ ಕಿವಿ ಮನೆಯ ಕಡೆಗೇ ಇರುತ್ತಿತ್ತು. ಯಾರಾದರೂ ನನ್ನನ್ನು ಕರೆಯಲು ಬಂದರೆ ಅವ್ವ ಸತ್ತಳು ಎಂದೇ ಅರ್ಥ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ದೊಡ್ಡಿಯ ಕಸ ಗುಡಿಸುತ್ತಿದ್ದ ಆಯಿ ನನ್ನನ್ನು ಕೂಗಿದಳು.

"ಏ ಪೋರಿ, ಬಾ ಇಲ್ಲಿ. ಚುಕ್ಕಿ ರಕ್ತ ಉಚ್ಚಿ ಹೊಯ್ಲಕತ್ತದ. ಇನ್ನ ಇದು ಉಳ್ಯಾದಿಲ್ಲ."

ನಾನು ಹೋಗಿ ನೋಡಿದೆ. ರಕ್ತವಾಗಿರಲಿಲ್ಲ. ಮೊದಮೊದಲು ಅವ್ವನ ಹಿಂದೆಯೇ ಹಿತ್ತಿಲಿಗೆ ಹೋಗಿ ನಾನು ನೋಡುತ್ತಿದ್ದ ಅದೇ ಬಣ್ಣ. ಅವ್ವ ಹೋಗಿದ್ದ ಜಾಗವನ್ನು ಓಡಿ ಹೋಗಿ ನೋಡಿದೆ. ಅಲ್ಲಿ ಕೆಂಪು ಇರಲಿಲ್ಲ. ಬಂದು ಆಯಿಗೆ ಹೇಳಿದೆ, ಅಳುತ್ತಲೇ ಹೇಳಿದೆ. ಅಷ್ಟು ದಿನ ಆ ಕೋಣೆಗೆ ಕಾಲಿಡದಿದ್ದ ಆಯಿ ಕಸಬರಿಗೆ ಹಿಡಿದುಕೊಂಡೇ ಒಳಗೆ ನುಗ್ಗಿದಳು.

"ಖರೇ ಹೇಳು. ಗುಳಿಗಿ ಎಲ್ಲಿ ಹೋಗ್ಲಕತ್ತದ?"

ಅವ್ವ ತಲೆ ತಗ್ಗಿಸಿಕೊಂಡು ಹೇಳಿದಳು.

"ಉಳದದ್ದೆಲ್ಲಾ ನಾ ನುಂಗ್ತೇನ್ರಿ ಅತ್ತಿ. ಕೆಂಪಂದೊಂದು ಗಲ್ಲದಾಗ ಇಟ್ಕೊಂಡು, ಜ್ವಾಳದ ಹಿಟ್ಟಿನಾಗ ಹಾಕಿ ಚುಕ್ಕಿಗಿ ಕೊಡ್ತೇನಿ."

"ಕುರಿಗಿ? ನಿನ್ನ ಗುಳಿಗಿ ಕುರಿಗಿ?"

"ಅದು ಸತ್ರ ನಾ ಹ್ಯಾಂಗ ಉಳೀಲಿರಿ? ಮಲ್ಲಣ್ಣ ಒಲ್ಲೆ ಅಂದ ಮ್ಯಾಲ ಗುಳಿಗಿ ತಗೊಂಡು ಏನ್ ಮಾಡ್ಲಿ? ಅದು ಉಳದ್ರ ನಾನೂ ಉಳದೆ."

ಆಯಿ ಕಸಬರಿಗೆ ಎತ್ತಿದಳು. ಹೊಡೆದೇ ಬಿಡುತ್ತಾಳೆ ಎಂದು ನಾನು ಅವ್ವನ ಮೇಲೆ ಬಿದ್ದೆ. ಹೊಡೆಯಲಿಲ್ಲ. ಹೊರಗೆ ಹೋಗಿ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಬೈದಳು. ಅವ್ವನನ್ನು ಬೈದಳು, ಚುಕ್ಕಿಯನ್ನು ಬೈದಳು, ಕೊನೆಗೆ ಮಲ್ಲಣ್ಣನನ್ನೂ ಬೈದಳು. ಕೇಳಿದವರು ಬುದ್ಧಿಗೇಡಿ ಹೆಂಗಸು ಎಂದು ಅವ್ವನನ್ನು ಅಂದಾರು. ಕುರಿಯ ಮನೆಯಲ್ಲಿ ಹುಟ್ಟಿ ಕುರಿಯ ಮನೆಗೇ ಬಂದವಳು ಅವಳು. ಆ ಲೆಕ್ಕ ನಮ್ಮ ಮನೆಯಲ್ಲಿ ಯಾರಿಗೂ ತಪ್ಪಾಗಿ ಕಾಣುವಂಥದ್ದಲ್ಲ. ಆಯಿಗೂ ಕಾಣಲಿಲ್ಲ, ಆ ಸಿಟ್ಟಿನಲ್ಲೂ ಚುಕ್ಕಿಯನ್ನು ಬೇರೆ ಕಟ್ಟಿ ಅದಕ್ಕೆ ಕಂಬಳಿ ಹೊದಿಸಿದಳು.

ಆಯಿ ಹೇಳಿಕಳಿಸಿದ್ದಕ್ಕೆ ಅಪ್ಪ ಹಿಂಡು ಬಿಟ್ಟು ಬಂದು ಅವ್ವನನ್ನು ಬೀದರಿನ ದೊಡ್ಡ ದವಾಖಾನೆಗೆ ಸೇರಿಸಿದ. ಹಳೆಯ ಗುಳಿಗೆಗಳಿಗೆ ರೋಗ ಈಗ ಬಗ್ಗುವುದಿಲ್ಲ, ಮೊದಲಿನಿಂದ ಶುರು ಮಾಡಬೇಕು, ಈ ಸಲ ಇನ್ನೂ ಹೆಚ್ಚು ತಿಂಗಳು, ಜೊತೆಗೆ ದಿನಾ ಸೂಜಿ ಎಂದರು. ಇನ್ನೊಮ್ಮೆ ತಪ್ಪಿದರೆ ಮುಂದೆ ಕೊಡಲು ಏನೂ ಇಲ್ಲ ಎಂದೂ ಹೇಳಿದರಂತೆ. ಅಪ್ಪ ಒಮ್ಮೆ ಮನೆಗೆ ಬಂದಾಗ ಇದನ್ನು ಹೇಳಿ, ತಲೆಯ ಮೇಲಿನ ರುಮಾಲು ತೆಗೆದು ಮುಖ ಮುಚ್ಚಿಕೊಂಡ. ಅವ್ವ ದಿನಾ ಒಂದೇ ಮಾತು ಕೇಳುತ್ತಾಳಂತೆ, ಚುಕ್ಕಿ ಹ್ಯಾಂಗದ?

ಚುಕ್ಕಿ ಆ ವಾರವೇ ಸತ್ತಿತು. ನಾನು ಸಾಲೆಯಿಂದ ಬಂದಾಗ ಕಾಲು ಚಾಚಿ ಮಲಗಿತ್ತು, ಆಯಿ ಪಕ್ಕದಲ್ಲಿ ಕೂತಿದ್ದಳು. ನನಗೆ ಅಳು ಕೂಡ ಬರಲಿಲ್ಲ, ಅಷ್ಟು ಭಯವಾಯಿತು. ಈ ಸುದ್ದಿ ಅವ್ವನ ಕಿವಿಗೆ ಬಿದ್ದ ದಿನವೇ ಅವಳು ಬಾಯಿ ಮುಚ್ಚಿಬಿಡುತ್ತಾಳೆ, ಗುಳಿಗೆ ಹೋಗಲಿ ನೀರನ್ನೂ ನುಂಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆಯಿ ಹಿತ್ತಿಲಿನಲ್ಲಿ ತಾನೇ ಗುಂಡಿ ತೋಡಿದಳು, ಚುಕ್ಕಿಯ ಮೇಲೆ ಭಂಡಾರ ಸುರಿದು ಹೂತಳು, ಮೇಲೆ ಮುಳ್ಳುಕಂಟಿ ಹೇರಿದಳು. ಮರುದಿನ ಮನೆಯಲ್ಲಿದ್ದವುಗಳಲ್ಲೇ ಎರಡು ಒಳ್ಳೆಯ ಕುರಿಗಳನ್ನು ಹಿಡಿದುಕೊಂಡು ಹೋದವಳು, ಸಂಜೆಗೆ ಒಂದೇ ಕುರಿಯೊಂದಿಗೆ ಬಂದಳು. ಆ ಎರಡನ್ನು ಕೊಟ್ಟು, ತನ್ನ ತವರಿನವರ ಹಿಂಡಿನಿಂದ ಹುಡುಕಿ ತಂದದ್ದು. ಕರಿಯ ಕುರಿ, ಹಣೆಯ ಮೇಲೆ ಬಿಳಿ ಮಚ್ಚೆ. ಅದನ್ನು ಕಂಬಕ್ಕೆ ಕಟ್ಟಿ, ಕುಡುಗೋಲಿನಿಂದ ಅದರ ಎಡಗಿವಿಯನ್ನು ಹರಿದಳು. ಕುರಿ ಒದರಿಕೊಂಡಿತು. ಆಯಿ ಗಾಯಕ್ಕೆ ಅರಿಶಿನ ಒತ್ತಿದಳು.

"ಇದೇ ಚುಕ್ಕಿ. ತಿಳೀತೇನು? ಬಾಯಿ ಬಿಟ್ಟಿ ಅಂದ್ರ ನಾಲಿಗಿ ಕೀಳ್ತೇನಿ," ಎಂದಳು.

ಅವ್ವ ಮನೆಗೆ ಬರುವಷ್ಟರಲ್ಲಿ ಕುರಿಯ ಕಿವಿಯ ಗಾಯ ಮಾಯ್ದಿತ್ತು. ಅಪ್ಪ ಅವಳನ್ನು ಮಗುವಿನಂತೆ ಎತ್ತಿಕೊಂಡು ಬಂದು ಕೋಣೆಯಲ್ಲಿ ಇಳಿಸಿದ. ಆಯಿ ಕುರಿಯನ್ನು ಬಾಗಿಲಿಗೆ ತಂದು ನಿಲ್ಲಿಸಿ, ನೋಡು, ನಿನ್ನ ಚುಕ್ಕಿ ಆರಾಮಾಗೇದ ಎಂದಳು. ಅವ್ವ ಬಹಳ ಹೊತ್ತು ನೋಡಿದಳು. ಹತ್ತಿರ ಕರೆದು ಹಣೆ ಮುಟ್ಟಿದಳು, ಕಿವಿಯ ಅಂಚಿನ ಮೇಲೆ ಬೆರಳು ಎಳೆದಳು. ಹಿಂಡಿನಲ್ಲಿ ನೂರು ಕುರಿ ಇದ್ದರೂ ಕುರಿಯವರು ಒಂದೊಂದನ್ನೂ ಮುಖ ನೋಡಿ ಗುರುತಿಸುತ್ತಾರೆ ಎಂದು ನನಗೆ ನೆನಪಾಯಿತು. ಅವ್ವ ಆಯಿಯ ಮುಖವನ್ನು ಒಮ್ಮೆ ನೋಡಿ, ಗುಳಿಗೆಗೆ ಕೈ ಒಡ್ಡಿದಳು.

ಅಂದಿನಿಂದ ಗುಳಿಗೆಯ ಕೆಲಸ ನನ್ನ ಕೈಯಿಂದ ಆಯಿಯ ಕೈಗೆ ಹೋಯಿತು. ಮೂಗಿಗೆ ಸೆರಗು ಬಿಗಿದುಕೊಂಡು ಬರುತ್ತಿದ್ದಳು. ಕುರಿಯನ್ನು ಬಾಗಿಲಿಗೆ ಕಟ್ಟುವುದು, ಗುಳಿಗೆ ಕೊಡುವುದು, ಬಾಯಿ ತೆಗಿ, ನಾಲಿಗಿ ಎತ್ತು ಎನ್ನುವುದು, ಆಮೇಲೆ ತನ್ನ ಬೆರಳನ್ನೇ ಗಲ್ಲದೊಳಗೆ ಆಡಿಸಿ ನೋಡುವುದು. ಬಳಿಕ ಬಸ್ಸು ಹಿಡಿದು ಔರಾದಿಗೆ, ಸೂಜಿಗೆ. ಸೂಜಿಯಿಂದ ಅವ್ವನಿಗೆ ತಲೆ ತಿರುಗುತ್ತಿತ್ತು, ಔರಾದ ಬಸ್ ಸ್ಟ್ಯಾಂಡಿನಲ್ಲಿ ಬಿದ್ದುಬಿಡುತ್ತಿದ್ದಳು. ಕಿವಿಯಲ್ಲಿ ಸದಾ ಜೀರುಂಡೆ ಕೂಗಿದಂತೆ ಆಗಿ, ಕಡೆಗೆ ಒಂದು ಕಿವಿ ಪೂರ್ತಿ ಹೋಯಿತು. ನಾಳಿಂದ ಬ್ಯಾಡ್ರಿ ಅತ್ತಿ, ನನ್ನ ಬಿಟ್ಟುಬಿಡ್ರಿ ಎಂದು ಅವಳು ದಿನಾ ಅಳುತ್ತಿದ್ದಳು. ನಾಳಿ ಬ್ಯಾಡ, ಇವತ್ತೊಂದು ನುಂಗು ಎಂದು ಆಯಿ ದಿನಾ ಹೇಳುತ್ತಿದ್ದಳು. ಕುರಿಯ ಕಡೆ ಕೈ ತೋರಿಸಿ, ನೋಡು, ನಿನ್ನ ಚುಕ್ಕಿ ನಿಂತದ ಎನ್ನುತ್ತಿದ್ದಳು. ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಇರಲಿಲ್ಲ. ಬೆಳಗಾಗುತ್ತಿತ್ತು, ಹಾಗಾಗಿ ಆಯಿ ಗುಳಿಗೆ ಕೊಡುತ್ತಿದ್ದಳು. ನಡುವೆ ಯಾವಾಗಲೋ ಆಯಿ ಮೂಗಿಗೆ ಸೆರಗು ಕಟ್ಟುವುದನ್ನು ಮರೆತಳು. ಗಂಗಾಳ ತಳ್ಳುತ್ತಿದ್ದ ಕೋಲು ಒಲೆಗೆ ಹೋಯಿತು.

ಜೋಳದ ಇನ್ನೊಂದು ಬೆಳೆ ಮನೆಗೆ ಬಂದ ಮೇಲೆ, ಔರಾದಿನ ಸಿಸ್ಟರ್ ಕಫ ನೋಡಿ, ಮುಗೀತು, ಇನ್ನ ಗುಳಿಗಿ ಬ್ಯಾಡ ಎಂದರು. ಅವ್ವ ನಗಲೂ ಇಲ್ಲ, ಅಳಲೂ ಇಲ್ಲ. ಎಲುಬಿನ ಹಂದರವಾಗಿದ್ದಳು, ಆದರೆ ಬಸ್ಸಿನಿಂದ ಇಳಿದು ಮನೆಯ ತನಕ ತಾನೇ ನಡೆದಳು. ಮರುದಿನ ಬೆಳಿಗ್ಗೆ ಆಯಿ ಹರಕೆಗೆ ತಯಾರಿ ನಡೆಸಿದಳು. ಕುರಿಯ ಮೈ ತೊಳೆದು, ಭಂಡಾರದ ಬಟ್ಟಲು ಹಿಡಿದು ಅದರ ಹಣೆಗೆ ಕೈ ಒಯ್ದಳು. ಅವ್ವ ಬಂದು ಆ ಕೈಯನ್ನು ಹಿಡಿದಳು.

"ಇದಕ್ಕ ಹಚ್ಚಬ್ಯಾಡ್ರಿ ಅತ್ತಿ. ದೇವರ ಮುಂದ ಈ ಅದಲಬದಲ ನಡ್ಯಾದಿಲ್ಲ. ನನ್ನ ಚುಕ್ಕಿನ ಎಲ್ಲಿ ಹುಗದೀರಿ, ತೋರಸ್ರಿ."

ಬಟ್ಟಲು ಆಯಿಯ ಕೈಯಲ್ಲೇ ನಿಂತಿತು.

"ನಿನಗ ಯಾವಾಗ ತಿಳೀತು?"

"ಮೊದಲ ದಿನಾನೇರಿ. ಕಿವಿ ಮುಟ್ಟಿದ ಕೂಡ್ಲೇ."

"ಮತ್ತ ಯಾಕ ನುಂಗ್ದಿ? ಇಷ್ಟು ದಿನ ಯಾಕ ನುಂಗ್ದಿ?"

"ನನ್ನ ಸಲುವಾಗಿ ನೀವು ದೇವರಿಗೇ ಸುಳ್ಳು ಹೇಳ್ಲಿಕ್ಕಿ ನಿಂತ್ರಿ. ಅಂಥಾದ್ರಾಗ ನಾ ಹ್ಯಾಂಗ ಸಾಯ್ಲಿರಿ?"

ಆಯಿ ತಲೆಯ ಮೇಲಿನ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅವ್ವ ಕೇಳಿಸುವ ಕಿವಿಯನ್ನು ಅವಳತ್ತ ತಿರುಗಿಸಿ ಬಾಗಿದಳು.

"ಏನಂದ್ರಿ ಅತ್ತಿ?"

ಆಯಿ ಭಂಡಾರದ ಬಟ್ಟಲನ್ನು ಅವಳ ಕೈಗಿಟ್ಟು, ಹಿತ್ತಿಲಿನ ಮುಳ್ಳುಕಂಟಿಯ ಕಡೆಗೆ ನಡೆದಳು.